ಮಕ್ಕಳ ವಾದ್ಯವೃಂದಕ್ಕೆ ನಾಲ್ಕು ದಿಕ್ಕಿನ ಮೇಷ್ಟ್ರುಗಳು: ಇದು ನಡೆಯುತ್ತದಾ?

ಕುವೆಂಪುನಗರದ_ಅಮ್ಮ

ಎಲ್ಲರಿಗೂ ನಮಸ್ಕಾರ. ಸಂಗೀತ ಕಲಿಸುವವರು, ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಬಡಾವಣೆಯ ಕೆಲವರು ಸೇರಿ ಮಕ್ಕಳ ವಾದ್ಯವೃಂದ ಶುರು ಮಾಡಿದ್ದೇವೆ. ಹತ್ತರಿಂದ ಹದಿನೇಳು ವರ್ಷದೊಳಗಿನ ಮಕ್ಕಳು. ಪಿಟೀಲು ಜಾಸ್ತಿ, ಕೀಬೋರ್ಡ್ ಬೇಕಾದಷ್ಟು, ಕೊಳಲು ನಾಲ್ಕೈದು, ವೀಣೆ ಎರಡು, ಕ್ಲಾರಿನೆಟ್ ಎರಡು, ಟ್ರಂಪೆಟ್ ಹಿಡಿದ ಒಬ್ಬ ಹುಡುಗ. ಹೇಳಿಕೊಡಲು ನಾಲ್ವರು ಒಪ್ಪಿದ್ದಾರೆ. ಪಿಟೀಲು ಮೇಡಂ ವಿದ್ವತ್ ಪರೀಕ್ಷೆ ಮುಗಿಸಿದವರು, ಅಪ್ಪಟ ಕರ್ನಾಟಕ ಸಂಗೀತ. ಊದುವ ವಾದ್ಯಗಳಿಗೆ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಒಬ್ಬ ಕ್ಲಾರಿನೆಟ್ ಮೇಷ್ಟ್ರು. ಥಿಯರಿ, ಪಿಯಾನೋಗೆ ಚರ್ಚ್ ಕಾಯರ್‌ನಲ್ಲಿ ಹಾಡುತ್ತಾ ಬೆಳೆದು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗಳನ್ನು ಪಾಸು ಮಾಡಿದ ಇನ್ನೊಬ್ಬ ಮೇಡಂ. ನಾಲ್ಕನೆಯವರು ಗಣೇಶನ ಹಬ್ಬ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾ ಬಂದವರು.

ಮೊನ್ನೆ ಪೋಷಕರ ಮೀಟಿಂಗ್‌ನಲ್ಲಿ ದೊಡ್ಡ ಜಗಳ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ, ಮಕ್ಕಳಿಗೆ ಗೊಂದಲ, ಒಂದೇ ಪದ್ಧತಿಯವರನ್ನು ಇಟ್ಟುಕೊಳ್ಳಿ ಅಂತ ಅರ್ಧ ಜನ. "ಗಣೇಶನ ಪೆಂಡಾಲಿನವರು ನಮ್ಮ ಮಕ್ಕಳಿಗೆ ಏನು ಕಲಿಸುತ್ತಾರೆ" ಅಂತ ಒಬ್ಬರು ಜೋರಾಗಿಯೇ ಕೇಳಿದರು. ಆ ಕೀಬೋರ್ಡ್ ಮೇಷ್ಟ್ರು ಬಾಗಿಲ ಹತ್ತಿರವೇ ನಿಂತಿದ್ದರು.

ಮೇಷ್ಟ್ರು ಯಾವ ಸಂಗೀತದಿಂದ ಬಂದವರು ಅನ್ನುವುದು ಅಷ್ಟು ಮುಖ್ಯವಾ? ಅನುಭವ ಇರುವವರು ಹೇಳಿ.

ಗ್ರೇಡ್_ಫೈವ್_ಅಪ್ಪ

ಖಂಡಿತ ಮುಖ್ಯ. ವಾದ್ಯವೃಂದ ಅಂದರೆ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಓದಲೇಬೇಕು. ಓದಲು ಬಾರದ ಮೇಷ್ಟ್ರು ಇಪ್ಪತ್ತು ಮಕ್ಕಳನ್ನು ಹೇಗೆ ನಡೆಸುತ್ತಾರೆ? ಟ್ರಿನಿಟಿಯಂಥ ಪರೀಕ್ಷೆಯಲ್ಲಿ ಕನಿಷ್ಠ ಗ್ರೇಡ್ 8, ಅಂದರೆ ಕೊನೆಯ ಗ್ರೇಡ್, ಆದವರನ್ನು ಮಾತ್ರ ಇಟ್ಟುಕೊಳ್ಳಿ. ಉಳಿದವರ ಮೇಲೆ ಗೌರವ ಇದೆ, ಆದರೆ ಜಾಗ ಬೇರೆ.

ಒಂದೇ_ಲೈನ್

ಮೊದಲು ಸಂಬಳ ಎಷ್ಟು ಕೊಡುತ್ತೀರಿ ಹೇಳಿ, ಆಮೇಲೆ ಗ್ರೇಡ್ ಕೇಳೋಣ.

ತಂಬೂರಿ_ತಂತಿ

ಗ್ರೇಡ್ ಅಪ್ಪನವರೇ, ಗ್ರೇಡ್ 8 ಪರೀಕ್ಷೆಯಲ್ಲಿ ಮಗು ಒಬ್ಬೊಬ್ಬರಾಗಿ ಒಳಗೆ ಹೋಗುತ್ತದೆ, ಪರೀಕ್ಷಕರ ಮುಂದೆ ನುಡಿಸುತ್ತದೆ, ಹೊರಗೆ ಬರುತ್ತದೆ. ನಮ್ಮ ಕರ್ನಾಟಕ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ ಹಾಗೇ. ಇಪ್ಪತ್ತು ಜನರ ಜೊತೆ ಕೂತು ನುಡಿಸಲು ಬರುತ್ತದಾ ಅಂತ ಎರಡರಲ್ಲೂ ಯಾರೂ ಮುಖ್ಯವಾಗಿ ಪರೀಕ್ಷೆ ಮಾಡುವುದಿಲ್ಲ. ಸರ್ಟಿಫಿಕೇಟ್ ಕೆಟ್ಟದ್ದು ಅಂತ ಅಲ್ಲ. ನೀವು ಕೇಳುತ್ತಿರುವ ಕೆಲಸಕ್ಕೆ ಅದು ಸಾಕ್ಷಿ ಅಲ್ಲ, ಅಷ್ಟೇ.

ಈಗ ನಿಜವಾದ ತೊಂದರೆ ಹೇಳುತ್ತೇನೆ. ನಾನೂ ಪಿಟೀಲು ಹೇಳಿಕೊಡುತ್ತೇನೆ, ಕರ್ನಾಟಕ ಪದ್ಧತಿ. ನಮ್ಮಲ್ಲಿ ಮಕ್ಕಳು ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಪಿಟೀಲಿನ ತುದಿ ಬಲಗಾಲಿನ ಮೇಲೆ ಇರುತ್ತದೆ. ಅದರ ಭಾರ ಕಾಲು ಹೊರುವುದರಿಂದ ಎಡಗೈ ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ, ಸ್ವರವನ್ನು ಓಲಾಡಿಸುವ ಗಮಕ ಬರುವುದೇ ಹಾಗೆ. ಪಾಶ್ಚಾತ್ಯ ಪದ್ಧತಿಯಲ್ಲಿ ಗದ್ದ, ಭುಜದ ನಡುವೆ ಹಿಡಿಯುತ್ತಾರೆ. ಕುರ್ಚಿ ಬೇಕು, ಎದುರಿಗೆ ಸ್ಟ್ಯಾಂಡ್ ಬೇಕು.

ಶ್ರುತಿ ಇನ್ನೊಂದು. ಅವರ ತಂತಿಗಳು ಜಿ, ಡಿ, ಎ, ಇ. ಪ್ರತಿ ಎರಡು ತಂತಿಯ ನಡುವೆ ಪಂಚಮದ ಅಂತರ. ನಮ್ಮದು ಮಂದ್ರ ಸ, ಮಂದ್ರ ಪ, ಮಧ್ಯ ಸ, ಮಧ್ಯ ಪ. ಎರಡನೆಯ ತಂತಿಯಿಂದ ಮೂರನೆಯದಕ್ಕೆ ಬರುವಾಗ ಮಧ್ಯಮದಷ್ಟೇ ಅಂತರ. ಬೆರಳಿಡುವ ಲೆಕ್ಕವೇ ಬದಲಾಗುತ್ತದೆ. ಜೊತೆಗೆ ನಮ್ಮ ಮಕ್ಕಳು ಯಾರಿಗೆ ಹಾಡಲು ಯಾವ ಶ್ರುತಿ ಸರಿಯೋ ಅದಕ್ಕೆ ಕೂರಿಸಿಕೊಂಡಿರುತ್ತಾರೆ. ಇಪ್ಪತ್ತು ಪಿಟೀಲು ಬಂದರೆ ಐದಾರು ಶ್ರುತಿ ಬರುತ್ತದೆ. ಮೊದಲ ದಿನ ಅರ್ಧ ಗಂಟೆ ಬಿರಡೆ ತಿರುಗಿಸುವುದರಲ್ಲೇ ಹೋಗುತ್ತದೆ.

ಬ್ಯಾಂಡ್_ಮನೆ_ಹುಡುಗ

ನಮ್ಮ ಅಪ್ಪ ಪೊಲೀಸ್ ಬ್ಯಾಂಡಿನಲ್ಲಿದ್ದರು, ಅದಕ್ಕೆ ಈ ಮಾತು ಹೇಳಲು ನನಗೆ ಹಕ್ಕಿದೆ ಅಂದುಕೊಳ್ಳುತ್ತೇನೆ. ನಾಲ್ವರಲ್ಲಿ ನಿಮ್ಮ ಕ್ಲಾರಿನೆಟ್ ಮೇಷ್ಟ್ರೇ ಬಂಗಾರ.

ಯಾಕೆ ಅಂದರೆ ಬ್ಯಾಂಡಿನವರು ಒಬ್ಬರೇ ನುಡಿಸಿ ಚಪ್ಪಾಳೆ ತೆಗೆದುಕೊಂಡವರಲ್ಲ. ಸುಮ್ಮನೆ ಕೂರುವುದನ್ನು ಕಲಿತವರು. ಮೂವತ್ತೆರಡು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಏನೂ ನುಡಿಸದೆ ಎಣಿಸಿಕೊಂಡು ಕೂತು, ಮೂವತ್ತಮೂರನೆಯದರಲ್ಲಿ ಸರಿಯಾಗಿ ಒಳಗೆ ಬರುವುದು ಇದೆಯಲ್ಲ, ಅದು ಯಾವ ವಿದ್ವತ್ತಿನಲ್ಲೂ ಹೇಳಿಕೊಡುವುದಿಲ್ಲ. ಪಕ್ಕದವನ ದನಿಗಿಂತ ನನ್ನ ದನಿ ಜಾಸ್ತಿ ಆಯಿತಾ ಅಂತ ಕಿವಿ ಕೊಡುವುದೂ ಅಷ್ಟೇ.

ಇನ್ನೊಂದು ತಾಂತ್ರಿಕ ವಿಷಯ. ಸಾಮಾನ್ಯ ಕ್ಲಾರಿನೆಟ್, ಟ್ರಂಪೆಟ್ ಎರಡೂ ಬಿ ಫ್ಲ್ಯಾಟ್ ವಾದ್ಯ. ಹಾಳೆಯಲ್ಲಿ ಸಿ ಅಂತ ಬರೆದಿದ್ದರೆ ಕೇಳಿಸುವುದು ಬಿ ಫ್ಲ್ಯಾಟ್. ಕೀಬೋರ್ಡಿನ ಹಾಳೆಯನ್ನೇ ಜೆರಾಕ್ಸ್ ಮಾಡಿ ಕ್ಲಾರಿನೆಟ್ ಮಗುವಿಗೆ ಕೊಟ್ಟರೆ ಇಡೀ ಹಾಲ್ ಕಿವಿ ಮುಚ್ಚಿಕೊಳ್ಳುತ್ತದೆ. ಇದನ್ನು ಬ್ಯಾಂಡಿನವರು ನಿದ್ದೆಯಲ್ಲೂ ಸರಿ ಮಾಡುತ್ತಾರೆ.

ಅಗ್ರಹಾರದ_ಅಜ್ಜ

ಈ ಜಗಳ ಮೈಸೂರಿಗೆ ಹೊಸದಲ್ಲಪ್ಪ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಒಂದು ಕಡೆ ವೀಣೆ ಶೇಷಣ್ಣನವರು, ಇನ್ನೊಂದು ಕಡೆ ಬ್ಯಾಂಡ್ ನಡೆಸುವ ಜರ್ಮನಿಯ ಆಟೋ ಸ್ಮಿತ್. ಎರಡೂ ಒಂದೇ ಸೂರಿನಡಿ ನಡೆಯಿತು. ಇಂಗ್ಲಿಷ್ ಬ್ಯಾಂಡ್ ಅಂತ ಒಂದು, ಅದೇ ವಾದ್ಯಗಳಲ್ಲಿ ನಮ್ಮ ಕೃತಿಗಳನ್ನು ನುಡಿಸುವ ಕರ್ನಾಟಕ ಬ್ಯಾಂಡ್ ಅಂತ ಇನ್ನೊಂದು. ಮುಂದೆ ಅದೇ ಪರಂಪರೆ ಪೊಲೀಸ್ ಬ್ಯಾಂಡಿಗೆ ಬಂತು. ದಸರಾದಲ್ಲಿ ಅರಮನೆ ಮುಂದೆ ಅವರು ನುಡಿಸುವುದನ್ನು ಕೇಳಿದವರಿಗೆ ಗೊತ್ತು.

ಜಯಚಾಮರಾಜ ಒಡೆಯರಂತೂ ಎರಡೂ ದಡ ಮುಟ್ಟಿದವರು. ಪಿಯಾನೋದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್, ಟ್ರಿನಿಟಿ ಕಾಲೇಜಿನ ಗೌರವ ಫೆಲೋ. ಆಮೇಲೆ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತಕ್ಕೆ ಬಂದು ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದರು. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳ ಮೊದಲ ಕಛೇರಿಯೂ ಮೈಸೂರಿನಲ್ಲೇ ನಡೆದದ್ದು, ಅವರ ಕೃಪೆಯಿಂದ.

ಹಳೇ_ರೆಕಾರ್ಡು

ಅಜ್ಜಾ, ಆ ಕಛೇರಿ ಮೈಸೂರಿನಲ್ಲಲ್ಲ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, 22 ಮೇ 1950. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದ್ದು ಫುರ್ಟ್‌ವ್ಯಾಂಗ್ಲರ್. ಸ್ಟ್ರಾಸ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹಣದ ಬೆಂಬಲ ಮಾತ್ರ ನಮ್ಮ ಮಹಾರಾಜರದ್ದು. ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯನ್ ಸಂಯೋಜಕರ ಕೃತಿಗಳ ಧ್ವನಿಮುದ್ರಣಕ್ಕೂ ಅವರೇ ಹಣ ಕೊಟ್ಟಿದ್ದರು. ಮೆಡ್ಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದರು.

ಅಗ್ರಹಾರದ_ಅಜ್ಜ

ಸರಿ, ಲಂಡನ್. ದುಡ್ಡು ಮೈಸೂರಿನದು ತಾನೇ!

ಮಂಡ್ಯ_ಹೈದ

ಮೈಸೂರಿನವರು ಯಾವ ವಿಷಯ ತೆಗೆದರೂ ಐದನೇ ಕಾಮೆಂಟಿಗೆ ಅರಮನೆ ಒಳಗೆ ಹೋಗಿ ಕೂರುತ್ತೀರಿ ಕಣ್ರೀ. 😄

ನಿಮ್ಮ ನಾಲ್ಕು ಮೇಷ್ಟ್ರಲ್ಲಿ ತಾಳದವರು ಒಬ್ಬರೂ ಇಲ್ಲ, ಅದನ್ನು ಯಾರಾದರೂ ನೋಡಿದಿರಾ? ನಮ್ಮ ಮಳವಳ್ಳಿ ಕಡೆ ಬಂದು ಬೀಸು ಕಂಸಾಳೆ ನೋಡಿ. ಎಂಟ್ಹತ್ತು ಜನ ಕುಣಿಯುತ್ತಾ, ಬಗ್ಗುತ್ತಾ, ತಿರುಗುತ್ತಾ ಒಬ್ಬನ ಕಂಸಾಳೆಯನ್ನು ಇನ್ನೊಬ್ಬನ ಕಂಸಾಳೆಗೆ ತಾಗಿಸುತ್ತಾರೆ. ಅರ್ಧ ಕ್ಷಣ ತಪ್ಪಿದರೆ ಕೈಗೆ ಏಟು. ಎದುರಿಗೆ ಕೋಲು ಹಿಡಿದು ನಿಂತವರು ಯಾರೂ ಇರುವುದಿಲ್ಲ. ಗುಂಪಿನಲ್ಲಿ ನುಡಿಸುವ ಪಾಠ ಬೇಕಾ, ಇದಕ್ಕಿಂತ ಬೇಕಾ? ಪೂಜಾ ಕುಣಿತಕ್ಕೆ ತಮಟೆ ಬಡಿಯುವ ಹುಡುಗರಿಗೆ ಇರುವ ಲಯ ನಿಮ್ಮ ಗ್ರೇಡ್ 8ಕ್ಕೂ ಇರುವುದಿಲ್ಲ.

ಗ್ರೇಡ್_ಫೈವ್_ಅಪ್ಪ

ಕಂಸಾಳೆ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ನನ್ನ ಮಗಳಿಗೆ ಪಿಟೀಲಿನ ಕಮಾನು ಹಿಡಿಯುವುದನ್ನು ಕಂಸಾಳೆಯವರು ಹೇಳಿಕೊಡುತ್ತಾರಾ?

ಮಂಡ್ಯ_ಹೈದ

ಕಮಾನು ಹಿಡಿಯಲು ಪಿಟೀಲು ಮೇಡಂ ಇದ್ದಾರಲ್ಲ ಸ್ವಾಮಿ. ನಿಮ್ಮ ಮಗಳು ಉಳಿದ ಹತ್ತೊಂಬತ್ತು ಜನರ ಜೊತೆ ಒಟ್ಟಿಗೆ ನಿಲ್ಲಿಸುವುದನ್ನು ಯಾರಿಂದ ಕಲಿಯಬೇಕು ಅಂತ ನಾನು ಕೇಳಿದ್ದು.

ಚೆಲ್ಲೋ_ಬೇಕಿತ್ತು

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಮೈಸೂರಿನಲ್ಲಿ ಚೆಲ್ಲೋ ಹೇಳಿಕೊಡುವವರು ಯಾರಾದರೂ ಇದ್ದಾರಾ? ಬೆಂಗಳೂರಿಗೆ ಓಡಾಡಿ ಸಾಕಾಗಿದೆ.

ಒಂದೇ_ಲೈನ್

ಚೆಲ್ಲೋ ಹೊತ್ತುಕೊಂಡು ಮೆಮು ರೈಲು ಹತ್ತುವವರು ನೀವೇನಾ? ನಾನು ನಿಮ್ಮನ್ನು ನೋಡಿದ್ದೇನೆ.

ಪಾಠಾಂತರ

ಒಂದೇ ಪದ್ಧತಿಯವರನ್ನು ಇಟ್ಟರೆ ಗೊಂದಲ ಇರುವುದಿಲ್ಲ ಅನ್ನುವವರಿಗೆ ಒಂದು ಪ್ರಶ್ನೆ. ಕರ್ನಾಟಕ ಸಂಗೀತದವರೇ ನಾಲ್ವರು ಬಂದರೂ ಒಂದೇ ಕೃತಿಗೆ ನಾಲ್ಕು ಪಾಠಾಂತರ, ಅಂದರೆ ಗುರುವಿನಿಂದ ಗುರುವಿಗೆ ಬದಲಾಗುವ ಪಾಠ, ಇರುತ್ತದೆ. ಒಬ್ಬರ ಗಾಂಧಾರ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಒಬ್ಬರೇ ನುಡಿಸುವಾಗ ಅದೇ ಚೆಂದ. ಇಪ್ಪತ್ತು ಪಿಟೀಲು ಒಟ್ಟಿಗೆ ತೋಡಿಯ ಗಮಕ ಹಿಡಿದರೆ ಕೇಳಿ ನೋಡಿ. ಗಮಕ ಎಷ್ಟು, ಎಲ್ಲಿಂದ ಎಲ್ಲಿಗೆ ಅಂತ ಮೊದಲೇ ಒಪ್ಪಂದ ಆಗಬೇಕು. ಮಕ್ಕಳಿಗೆ ಹಂಸಧ್ವನಿ, ಮೋಹನದಂಥ ರಾಗಗಳಿಂದ ಶುರು ಮಾಡಿ. ಸಹಾನ, ಬೇಗಡೆ ಕಡೆ ಸದ್ಯಕ್ಕೆ ತಲೆ ಹಾಕಬೇಡಿ.

ಇನ್ನೂ ಸುಲಭದ ದಾರಿ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು. ಅವರು ಕೇಳಿದ ಯುರೋಪಿಯನ್ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ್ದು. ಶಂಕರಾಭರಣದ ಸ್ವರಗಳು, ಗಮಕ ಕಮ್ಮಿ. ಪಿಟೀಲು ಮೇಡಂಗೂ ಪಿಯಾನೋ ಮೇಡಂಗೂ ಜಗಳ ಬರುವುದಿಲ್ಲ. ಅಷ್ಟಕ್ಕೂ ನಮ್ಮ ಸಂಗೀತಕ್ಕೆ ಪಿಟೀಲು ತಂದವರಲ್ಲಿ ಮೊದಲಿಗರು ಅದೇ ದೀಕ್ಷಿತರ ತಮ್ಮ ಬಾಲುಸ್ವಾಮಿ. ಮದ್ರಾಸಿನಲ್ಲಿ ಯುರೋಪಿಯನ್ ಪಿಟೀಲುಗಾರರ ಹತ್ತಿರ ಕಲಿತವರು. ಅಪ್ಪಟ ಅನ್ನುವ ಪಿಟೀಲು ಪರಂಪರೆಯ ಬುಡದಲ್ಲೇ ಹೊರಗಿನ ಮೇಷ್ಟ್ರು ಇದ್ದಾರೆ.

ಸ್ಯಾಕ್ಸ್_ಕೇಳುಗ

ಇದಕ್ಕೇ ಇನ್ನೊಂದು ಸೇರಿಸುತ್ತೇನೆ. ಕದ್ರಿ ಗೋಪಾಲನಾಥ್ ಅವರ ತಂದೆ ನಾಗಸ್ವರದವರು. ಮಗ ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಅದರಲ್ಲಿ ಕರ್ನಾಟಕ ಸಂಗೀತ ತರಲು ವರ್ಷಗಟ್ಟಲೆ ಕಷ್ಟಪಟ್ಟರು. ಬ್ಯಾಂಡಿನವರನ್ನು ಕೀಳಾಗಿ ನೋಡುವವರು ಇದನ್ನು ನೆನಪಿಟ್ಟುಕೊಳ್ಳಿ.

ರಾತ್ರಿ_ಕೀಬೋರ್ಡು

ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ನಾನು ಆ ಮೇಷ್ಟ್ರಲ್ಲ, ಆದರೆ ಅದೇ ಜಾತಿಯವನು. ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡು ಸುತ್ತ ಎಷ್ಟು ಪೆಂಡಾಲಿನಲ್ಲಿ ನುಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ನಾವು ಏನು ಕಲಿಸುತ್ತೇವೆ ಅಂತ ಕೇಳಿದರಲ್ಲ, ಹೇಳುತ್ತೇನೆ.

ಮಧ್ಯಾಹ್ನ ಫೋನ್ ಬರುತ್ತದೆ, ರಾತ್ರಿ ಈ ಮೂರು ಹಾಡು ಬೇಕೇ ಬೇಕು ಅಂತ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳುತ್ತೇವೆ. ಮೂಲ ಹಾಡಿನಲ್ಲಿ ನಲವತ್ತು ಪಿಟೀಲು ಇರಬಹುದು, ನಮ್ಮ ಹತ್ತಿರ ಇರುವವರು ಒಬ್ಬ ಪಿಟೀಲು, ಒಬ್ಬ ಕೊಳಲು, ಎರಡು ಕೀಬೋರ್ಡು, ರಿದಮ್ ಪ್ಯಾಡು, ಢೋಲಕ್ಕು. ಯಾವ ಸಾಲು ಬಿಟ್ಟರೆ ಹಾಡು ಸಾಯುತ್ತದೆ, ಯಾವುದನ್ನು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಆ ಬಸ್ಸಿನಲ್ಲೇ ತೀರ್ಮಾನ ಆಗಬೇಕು. ಪಿಟೀಲಿನವನಿಗೆ ಸ್ವರ ಬರೆದು ಕೊಡಬೇಕು, ಕೊಳಲಿನವನು ಯಾವ ಶ್ರುತಿಯ ಕೊಳಲು ತಂದಿದ್ದಾನೆ ಕೇಳಬೇಕು. ಸ್ಟೇಜ್ ಹತ್ತಿದ ಮೇಲೆ ಹಾಡುವವರು ಗಂಟಲು ಕಟ್ಟಿದೆ, ಶ್ರುತಿ ಅರ್ಧ ಮನೆ ಇಳಿಸಿ ಅನ್ನುತ್ತಾರೆ. ನನಗೆ ಒಂದು ಬಟನ್ ಸಾಕು. ಕೊಳಲಿನವನಿಗೆ, ಪಿಟೀಲಿನವನಿಗೆ ಬಟನ್ ಇಲ್ಲ. ಅವರಿಗೆ ಏನು ಕೊಡಬೇಕು, ಎಲ್ಲಿ ಸುಮ್ಮನಿರಿಸಬೇಕು ಅಂತ ಕಣ್ಣಲ್ಲೇ ಹೇಳಬೇಕು.

ಈಗ ಈ ಅಮ್ಮನವರ ಪಟ್ಟಿ ನೋಡಿ: ಪಿಟೀಲು ಜಾಸ್ತಿ, ಕ್ಲಾರಿನೆಟ್ ಎರಡು, ವೀಣೆ ಎರಡು, ಟ್ರಂಪೆಟ್ ಒಂದು. ಇಂಥ ಗುಂಪಿಗೆ ಅಂತ ಬರೆದ ಸಂಗೀತ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇರುವ ಮಕ್ಕಳನ್ನು ನೋಡಿ ಪ್ರತಿಯೊಬ್ಬರಿಗೂ ಅವರ ಕೈಗೆ ಸಿಗುವ ಸಾಲನ್ನು ಕೂತು ಬರೆಯಬೇಕು. ನಾಲ್ವರಲ್ಲಿ ಆ ಕೆಲಸ ಅಭ್ಯಾಸ ಇರುವವರು ಬಹುಶಃ ಅವರೊಬ್ಬರೇ.

ರಾಜನ್–ನಾಗೇಂದ್ರ ಯಾರ ಮಕ್ಕಳು ಗೊತ್ತಾ? ಮೂಕಿ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದವರ ಮಕ್ಕಳು, ಇದೇ ಮೈಸೂರಿನವರು. ಒಬ್ಬರು ಪಿಟೀಲು, ಒಬ್ಬರು ಜಲತರಂಗ. ಪೆಂಡಾಲು, ಪರದೆ ಇವೆಲ್ಲ ಸಂಗೀತದ ಮನೆಯ ಹಿತ್ತಲಲ್ಲ.

ಕುವೆಂಪುನಗರದ_ಅಮ್ಮ

ನಿಮ್ಮ ಮಾತನ್ನು ಆ ಮೇಷ್ಟ್ರಿಗೆ ಫಾರ್ವರ್ಡ್ ಮಾಡಿದೆ ಸರ್. ತುಂಬಾ ಥ್ಯಾಂಕ್ಸ್.

ಬ್ಯಾಂಡ್_ಮನೆ_ಹುಡುಗ

ಸರ್ ಹೇಳಿದ್ದು ಪೂರ್ತಿ ಸರಿ. ಒಂದು ಮಾತು ಮಾತ್ರ. ಶ್ರುತಿ ಯಾವುದು ಅಂತ ಬರೆಯುವ ಮೊದಲೇ ತೀರ್ಮಾನ ಮಾಡಿ. ಪಿಟೀಲಿಗೆ ಜಿ, ಡಿ ಸುಲಭ. ನಮ್ಮ ಊದುವವರಿಗೆ ಬಿ ಫ್ಲ್ಯಾಟ್, ಎಫ್ ಸುಲಭ. ಎಫ್ ಆದರೆ ಕ್ಲಾರಿನೆಟ್ ಮಕ್ಕಳು ತಮ್ಮ ಹಾಳೆಯಲ್ಲಿ ಜಿ ಓದುತ್ತಾರೆ, ಒಂದೇ ಶಾರ್ಪ್. ಪಿಟೀಲಿಗೂ ಒಂದೇ ಫ್ಲ್ಯಾಟ್, ಸಾಯುವಂಥ ಕಷ್ಟ ಅಲ್ಲ.

ತಂಬೂರಿ_ತಂತಿ

ಪಾಶ್ಚಾತ್ಯ ಪಿಟೀಲಿಗೆ ಕಷ್ಟ ಅಲ್ಲ. ನಮ್ಮ ಮಕ್ಕಳಿಗೆ ಷಡ್ಜ, ಅಂದರೆ ಸ, ಬೆರಳಿಡದ ಖಾಲಿ ತಂತಿಯಲ್ಲಿ ಸಿಗಬೇಕು. ಜಿ, ಡಿ, ಎ, ಇ ಕೂರಿಸಿ ಎಫ್‌ನಲ್ಲಿ ನುಡಿಸಿ ಅಂದರೆ ಷಡ್ಜಕ್ಕೂ ಬೆರಳಿಡಬೇಕು, ಪಾಪ ಕಂಗಾಲಾಗುತ್ತಾರೆ. ಆ ವೀಣೆ ಮಕ್ಕಳ ಗತಿ? ಕೊಳಲಿನವರಿಗೆ ಶ್ರುತಿಗೊಂದು ಕೊಳಲು, ಹೊಸದು ಕೊಡಿಸಬೇಕು. ಎಲ್ಲರೂ ಊದುವವರ ಅನುಕೂಲವನ್ನೇ ನೋಡುತ್ತೀರಿ.

ಬ್ಯಾಂಡ್_ಮನೆ_ಹುಡುಗ

ಇಬ್ಬರು ಕ್ಲಾರಿನೆಟ್, ಒಬ್ಬ ಟ್ರಂಪೆಟ್ ಮೇಡಂ. ಇಪ್ಪತ್ತು ಪಿಟೀಲಿನ ಎದುರು ನಮ್ಮದು ಅಲ್ಪಸಂಖ್ಯಾತ ಪಕ್ಷ.

ಪಾಠಾಂತರ

ಎಫ್ ಬೇಡ, ಜಿ ಬೇಡ, ಸಿ ಇಡಿ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಷ್ಟ, ಯಾರಿಗೂ ಪೂರ್ತಿ ಕಷ್ಟ ಇಲ್ಲ.

ವಿದೇಶದಲ್ಲಿರುವ_ಮೈಸೂರಿಗ

ವೆನೆಜುವೆಲಾದ ಎಲ್ ಸಿಸ್ತೆಮಾ ಎಂಬ ಮಕ್ಕಳ ವಾದ್ಯವೃಂದಗಳ ಯೋಜನೆ ನೋಡಿ. 1975ರಲ್ಲಿ ಹೊಸೆ ಅಂತೋನಿಯೊ ಅಬ್ರೆಯು ಶುರು ಮಾಡಿದ್ದು. ಅವರು ಸಂಗೀತಗಾರರೂ ಹೌದು, ಅರ್ಥಶಾಸ್ತ್ರಜ್ಞರೂ ಹೌದು. ಅಲ್ಲಿ ಸ್ವಲ್ಪ ಕಲಿತ ಮಕ್ಕಳೇ ಚಿಕ್ಕವರಿಗೆ ಹೇಳಿಕೊಡುತ್ತಾರೆ. ವಾದ್ಯವೃಂದ ನಡೆಸುವ ಕಂಡಕ್ಟರ್ ಗುಸ್ತಾವೊ ದುದಾಮೆಲ್ ಅಲ್ಲೇ ತಯಾರಾದವರು. ನಿಮ್ಮ ಹದಿನೇಳು ವರ್ಷದವರನ್ನೂ ಮೇಷ್ಟ್ರು ಮಾಡಿ.

ಒಂದೇ_ಲೈನ್

ಅಲ್ಲಿ ಸರ್ಕಾರ ದುಡ್ಡು ಕೊಟ್ಟಿತ್ತು ಸರ್, ಇಲ್ಲಿ ಬಡಾವಣೆ ಸಂಘದವರು ಟ್ಯೂಬ್‌ಲೈಟಿಗೂ ಲೆಕ್ಕ ಕೇಳುತ್ತಾರೆ.

ಅಗ್ರಹಾರದ_ಅಜ್ಜ

ಹೊರದೇಶ ಯಾಕೆ? 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಶುರು ಮಾಡಿದವರು ಮನಃಶಾಸ್ತ್ರದ ಪ್ರೊಫೆಸರ್ ಗೋಪಾಲಸ್ವಾಮಿಯವರು, ಅದೂ ತಮ್ಮ ಮನೆಯಲ್ಲಿ. ಅವರ ಹಿನ್ನೆಲೆ ಏನು ಅಂತ ಕೇಳುತ್ತಾ ಕೂತಿದ್ದರೆ ಆಕಾಶವಾಣಿ ಎಲ್ಲಿರುತ್ತಿತ್ತು?

ಮಂಡ್ಯ_ಹೈದ

ಈ ಸಲ ಅರಮನೆ ಬರಲಿಲ್ಲ, ಸಂತೋಷ ಅಜ್ಜ.

ಅಗ್ರಹಾರದ_ಅಜ್ಜ

ನಿಮ್ಮ ಕಡೆಗೂ ಬರುತ್ತೇನೆ ತಾಳಪ್ಪ. ಪಿಟೀಲು ಚೌಡಯ್ಯನವರು ತಿರುಮಕೂಡಲಿನವರು, ಹಳ್ಳಿಯವರೇ. ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತವರು. ಮೈಕಿಲ್ಲದ ಕಾಲ, ಹಿಂದೆ ಕೂತವರಿಗೂ ಕೇಳಲಿ ಅಂತ 1927ರಲ್ಲಿ ಪಿಟೀಲಿಗೆ ಏಳು ತಂತಿ ಹಾಕಿಸಿದರು. ಆಗಲೂ ಸಂಪ್ರದಾಯ ಕೆಟ್ಟಿತು ಅಂದವರಿಗೆ ಕಮ್ಮಿ ಇರಲಿಲ್ಲ ಅಂತ ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದರು.

ಕಾಯರ್_ಆಲ್ಟೊ

ಪಿಯಾನೋ ಮೇಡಂ ಬಗ್ಗೆ ಯಾರೂ ಮಾತೇ ಆಡಲಿಲ್ಲ, ಆಶ್ಚರ್ಯ. ಕಾಯರ್‌ನಲ್ಲಿ ಬೆಳೆದವರಿಗೆ ನಾಲ್ಕು ದನಿಗಳನ್ನು ಬೇರೆ ಬೇರೆಯಾಗಿ ಕೇಳುವ ಕಿವಿ ಇರುತ್ತದೆ. ನಾನು ಆಲ್ಟೊ ಹಾಡುತ್ತಿದ್ದೆ. ಮುಖ್ಯ ಧಾಟಿ ನನ್ನ ಪಾಲಿಗೆ ಬರುತ್ತಿದ್ದದ್ದೇ ಅಪರೂಪ. ಪಕ್ಕದಲ್ಲಿ ಸೊಪ್ರಾನೊ ಧಾಟಿ ಹಾಡುತ್ತಿದ್ದರೂ ನನ್ನ ಸಾಲು ಬಿಟ್ಟುಕೊಡದೆ ಹಾಡಬೇಕು. ನಿಮ್ಮ ಎರಡನೇ ಸಾಲಿನ ಪಿಟೀಲು ಮಕ್ಕಳಿಗೆ ಇದೇ ಕಷ್ಟ ಆಗುವುದು, ನೋಡುತ್ತಿರಿ. ಅವರೆಲ್ಲ ಮೊದಲನೇ ಸಾಲಿನ ಧಾಟಿಗೇ ಜಾರುತ್ತಾರೆ. ಅವರನ್ನು ಪಿಟೀಲು ಕೆಳಗಿಡಿಸಿ ಮೊದಲು ಬಾಯಲ್ಲಿ ಹಾಡಿಸಿ. ಮೇಡಂಗೆ ಅದೇ ಕೆಲಸ ಕೊಡಿ.

ಗ್ರೇಡ್_ಫೈವ್_ಅಪ್ಪ

ಇದು ಒಳ್ಳೆಯ ಮಾತು. ಆದರೂ ಎದುರಿಗೆ ನಿಂತು ಕೈ ಆಡಿಸುವವರು ಒಬ್ಬರೇ ಇರಬೇಕು ತಾನೇ? ನಾಲ್ವರೂ ಆಡಿಸಲು ಆಗುವುದಿಲ್ಲ. ಅವರು ಯಾರು?

ರಾತ್ರಿ_ಕೀಬೋರ್ಡು

ಬರೆದವರು ನಿಲ್ಲಬಾರದು ಅಂತ ನನ್ನ ಅಭಿಪ್ರಾಯ. ಬರೆದವನಿಗೆ ತಾನು ಬರೆದದ್ದೇ ಕೇಳಿಸುತ್ತಿರುತ್ತದೆ, ಮಕ್ಕಳು ನುಡಿಸಿದ್ದಲ್ಲ.

ತಂಬೂರಿ_ತಂತಿ

ಒಪ್ಪಿದೆ. ಬ್ಯಾಂಡಿನವರೇ ನಿಲ್ಲಲಿ. ಇದನ್ನು ನಾನು ಹೇಳುತ್ತಿದ್ದೇನೆ ಅಂತ ಸ್ಕ್ರೀನ್‌ಶಾಟ್ ತೆಗೆಯಬೇಡಿ.

ಬ್ಯಾಂಡ್_ಮನೆ_ಹುಡುಗ

ತೆಗೆದಾಯಿತು.

ಕುವೆಂಪುನಗರದ_ಅಮ್ಮ

ಎಲ್ಲರಿಗೂ ಧನ್ಯವಾದ. ಕಮಿಟಿಯವರ ಹತ್ತಿರ ಮಾತಾಡಿದೆ. ಯಾರನ್ನೂ ಬಿಡುವುದಿಲ್ಲ. ಕ್ಲಾರಿನೆಟ್ ಮೇಷ್ಟ್ರು ಎದುರಿಗೆ ನಿಲ್ಲುತ್ತಾರೆ, ಕೀಬೋರ್ಡ್ ಮೇಷ್ಟ್ರು ಸಾಲು ಬರೆಯುತ್ತಾರೆ, ಪಿಟೀಲು ಮೇಡಂ ಮತ್ತು ಪಿಯಾನೋ ಮೇಡಂ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಿ ಅಭ್ಯಾಸ ಮಾಡಿಸುತ್ತಾರೆ. ಶ್ರುತಿ ಸಿ. ಮೊದಲು ಒಂದು ನೊಟ್ಟುಸ್ವರ, ಆಮೇಲೆ ಹಂಸಧ್ವನಿಯಲ್ಲಿ ಏನಾದರೂ. ಪೆಂಡಾಲಿನ ಮಾತು ಆಡಿದವರು ತಮ್ಮ ಮಗನನ್ನು ಬಿಡಿಸುತ್ತೇನೆ ಅಂದಿದ್ದಾರೆ, ಮಗ ಬಿಡುವುದಿಲ್ಲ ಅಂತ ಕೂತಿದ್ದಾನೆ. ಅದು ಅವರ ಮನೆಯ ವಿಷಯ.

ತಾಳಕ್ಕೆ ಮಂಡ್ಯದವರನ್ನೇ ಕರೆಯೋಣ ಅಂತ ಎಲ್ಲರೂ ಅಂದರು. ಹೈದ ಅವರೇ, ಬರುತ್ತೀರಾ? ಭಾನುವಾರ ಬೆಳಿಗ್ಗೆ.

ಚೆಲ್ಲೋ_ಬೇಕಿತ್ತು

ಶಾಮಿಯಾನದವರಿಂದ ಕುರ್ಚಿ ತರಿಸುವಾಗ ಕೈ ಇಲ್ಲದ ಕುರ್ಚಿ ಕೇಳಿ. ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕೈ ತಾಗಿ ಕಮಾನು ಪೂರ್ತಿ ಎಳೆಯಲು ಆಗುವುದಿಲ್ಲ. ಮತ್ತೆ, ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಮಂಡ್ಯ_ಹೈದ

ಬರುತ್ತೇನೆ ಅಕ್ಕ, ಇಬ್ಬರು ಹುಡುಗರನ್ನೂ ಕರೆತರುತ್ತೇನೆ. ತಮಟೆ ಕಾಯಿಸಲು ಬೆಂಕಿ ಎಲ್ಲಿ ಹಾಕಬಹುದು?

ಕುವೆಂಪುನಗರದ_ಅಮ್ಮ

ಹಾಲ್ ಒಳಗೆ ಖಂಡಿತ ಬೇಡ! ಫೈಬರ್ ತಮಟೆ ಸಿಗುತ್ತದಲ್ವಾ, ಅದನ್ನು ತರಲು ಆಗುತ್ತದಾ?

ಮಂಡ್ಯ_ಹೈದ

ಫೈಬರಿನಲ್ಲಿ ಆ ನಾದ ಬರುವುದಿಲ್ಲ ಅಕ್ಕ. ಪಾರ್ಕಿಂಗ್ ಹತ್ತಿರ ಒಂದು ಮೂಲೆ ಬಿಡಿ, ಒಣಹುಲ್ಲು ನಾನೇ ತರುತ್ತೇನೆ. ಕಾರುಗಳನ್ನು ಸ್ವಲ್ಪ ಆಚೆ ನಿಲ್ಲಿಸಲು ಹೇಳಿ.